ಸಂದುಗೊಂದು ಮುಚ್ಚಿದ ಗಾಡಿ

ನನ್ನದೊಂದು ಕೆಟ್ಟ ಚಾಳಿಯನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ನನಗೆ 'ಇದು ನಿಮ್ಮ ಕೈಲೆ ಆಗೂದಲ್ಲ, ಬಿಡ್ರಿ' ಎಂದರೆ ಮುಗಿಯಿತು. ಆ ಕೆಲಸ ನನಗೆ ಬೇಕಿರಲಿ, ಬೇಡವಿರಲಿ, ಮಾಡಿಯೇ ತೀರಬೇಕು. ಸಣ್ಣವನಿದ್ದಾಗ ಈ ಮಾತಿಗೆ ಸಿಕ್ಕು ಮೂರು ಲೋಟ ಬೇವಿನ ರಸ ಕುಡಿದಿದ್ದೆ. ಮದುವೆಯಲ್ಲಿ ಇದೇ ಮಾತಿಗೆ ಹಟ ಹಿಡಿದು ಕುದುರೆ ಹತ್ತಿದೆ. ಅದು ನನ್ನನ್ನು ಬೀಗರ ಮನೆಗೆ ಒಯ್ಯದೆ ನೆಟ್ಟಗೆ ತನ್ನ ಮಾಲೀಕನ ಮನೆಗೆ ಒಯ್ದು ನಿಲ್ಲಿಸಿತು. ಅಷ್ಟಾದರೂ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಮುಂದಿನ ಪ್ರಸಂಗವೇ ಸಾಕ್ಷಿ.

ಇದು ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ಪೇಟೆಯಲ್ಲಿ ನನ್ನದು ಚಾದರದ ಅಂಗಡಿ. ಒಂದು ದಿನ ಉದ್ದ ಕೂದಲಿನ ಪರದೇಶದ ಗಂಡ ಹೆಂಡತಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಎರಡು ಚಾದರ ಕೊಂಡರು. ಹಾಗೇ ಒಳಗೆ ಬಗ್ಗಿ ನೋಡಿದೆ. ಗಾಡಿಯಲ್ಲಿ ಮಂಚವಿದೆ, ಒಲೆಯಿದೆ, ಕಿಟಕಿಗೆ ಪರದೆ ಬೇರೆ! ಅವರು ಮಲಗುವುದು, ಏಳುವುದು, ಚಹಾ ಮಾಡಿಕೊಳ್ಳುವುದು ಎಲ್ಲ ಅದರೊಳಗೇ ಅಂತೆ. ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಶಾಂತಾಳ ಮುಂದೆ ಇದನ್ನೆಲ್ಲ ಬಣ್ಣಿಸಿ, "ನಾವೂ ಹಂಗ ಒಂದು ಸಲ ತಿರುಗಾಡಿ ಬರೂಣು" ಎಂದೆ. ಅವಳು ರೊಟ್ಟಿ ಬಡಿಯುತ್ತಲೇ, "ಥಂಡಿ ದಿವಸದಾಗ ಗಾಡ್ಯಾಗ ಮಲಗೂದಾ? ನಿಮ್ಮ ಕೈಲೆ ಆಗೂದಲ್ಲ, ಬಿಡ್ರಿ" ಎಂದಳು.

ಇನ್ನೇನು ಬೇಕಿತ್ತು? ಚಾದರದ ಗಂಟುಗಳನ್ನು ರೈಲು ಸ್ಟೇಶನ್ನಿಗೆ ಒಯ್ಯುತ್ತಿದ್ದ ನಮ್ಮ ಹಳೆಯ ವ್ಯಾನನ್ನು ಮರುದಿನವೇ ಬಡಿಗನ ಮನೆಯ ಮುಂದೆ ನಿಲ್ಲಿಸಿದೆ. ಹಿಂಭಾಗದಲ್ಲಿ ಹಲಗೆಯ ಮಂಚ ಮಾಡಿಸಿದೆ. ಡ್ರೈವರನ ಸೀಟಿಗೂ ಹಿಂಭಾಗಕ್ಕೂ ನಡುವೆ ಹಲಗೆಯ ಗೋಡೆ ಹೊಡೆಸಿದೆ. ಕಳ್ಳಕಾಕರ ಭಯಕ್ಕೆ, ಸಣ್ಣ ಗಾಜಿನ ಕಿಟಕಿಯಿದ್ದ ಹಿಂದಿನ ಬಾಗಿಲಿಗೆ ಒಳಗಿನಿಂದ ದಪ್ಪ ಅಗಳಿ ಹಾಕಿಸಿದೆ. ಬಡಿಗ, "ಸಾವಕಾರ್ರ, ಇದು ಗಾಡಿಯೋ ತಿಜೋರಿಯೋ?" ಎಂದ. ನಾನದನ್ನು ಹೊಗಳಿಕೆ ಎಂದೇ ತಿಳಿದೆ.

ನಾನು, ಶಾಂತಾ, ಹತ್ತು ವರ್ಷದ ಮಗಳು ಸುಧಾ ಮೂವರೂ ಹೊರಟೆವು. ಅಕ್ಕಲಕೋಟೆ, ನಾಗಣಸೂರ, ದುಧನಿ ನೋಡಿಕೊಂಡು ನಾಲ್ಕನೆಯ ದಿನಕ್ಕೆ ಮನೆ. ದಾರಿಯುದ್ದಕ್ಕೂ ನೆಂಟರಿದ್ದರೂ ಯಾರ ಮನೆಯಲ್ಲೂ ಮಲಗಕೂಡದು ಎಂಬುದು ನನ್ನ ಶರತ್ತು. ಮೊದಲ ರಾತ್ರಿ ಅಕ್ಕಲಕೋಟೆಯ ಹೊರಗೆ ಒಂದು ಬೇವಿನ ಮರದ ಕೆಳಗೆ ಮಲಗಿದೆವು. ಆರು ಚಾದರ ಹೊದ್ದರೂ ನೆಲದ ಸಂದಿನಿಂದ, ಬಾಗಿಲ ಸಂದಿನಿಂದ ಗಾಳಿ ನುಗ್ಗಿ ನುಗ್ಗಿ ಮೈ ಕೊರೆಯಿತು. ಬೆಳಿಗ್ಗೆ ಶಾಂತಾ ಬಿಸಿಲಿಗೆ ಹೋಗಿ ನಿಂತು ನನ್ನನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಸೋಲುವವನಲ್ಲ. ಪೇಟೆಗೆ ಹೋಗಿ ಹತ್ತಿ, ಡಾಂಬರು, ಮೇಣದ ಬತ್ತಿ ತಂದೆ. ಮಧ್ಯಾಹ್ನದವರೆಗೆ ಕೂತು ಗಾಡಿಯ ಒಂದೊಂದೇ ಸಂದು ಹುಡುಕಿ ಹುಡುಕಿ ಮುಚ್ಚಿದೆ. ಇರುವೆಗೂ ದಾರಿ ಉಳಿಯಲಿಲ್ಲ. ಜೊತೆಗೆ ಒಂದು ಕಬ್ಬಿಣದ ಶೆಗಡಿ, ಒಂದು ಚೀಲ ಇದ್ದಲಿ ತೆಗೆದುಕೊಂಡೆ. "ಇನ್ನ ಥಂಡಿ ಹೆಂಗ ಬರ್ತದ ನೋಡೇ ಬಿಡ್ತೀನಿ" ಎಂದು ಗಾಡಿ ಬಿಟ್ಟೆ.

ಥಂಡಿ ಬರಲಿಲ್ಲ, ಮಳೆ ಬಂತು. ಆ ಹಂಗಾಮಿನಲ್ಲಿ ಯಾರೂ ನೆನೆಸದ ಮಳೆ. ನಾಗಣಸೂರ ಇನ್ನೂ ಒಂದು ಮೈಲಿ ಇದೆ ಎನ್ನುವಾಗ ಎರೆಮಣ್ಣಿನ ದಾರಿಯಲ್ಲಿ ಗಾಲಿಗಳು ಹೂತು ನಿಂತವು. ಮೂವರೂ ಇಳಿದು ದೂಡಿದೆವು. ಗಾಡಿ ಕದಲಲಿಲ್ಲ, ನಾವು ಮಾತ್ರ ತಲೆಯಿಂದ ಕಾಲಿನವರೆಗೆ ತೊಯ್ದೆವು. ಸುಧಾಳ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು.

ಪಕ್ಕದ ಜೋಳದ ಹೊಲದಲ್ಲಿ ಒಂದು ಗುಡಿಸಲಿತ್ತು. ಹಕ್ಕಿ ಕಾಯಲು ಕೂತಿದ್ದ ಮುದುಕಿಯೊಬ್ಬಳು ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದಳು. ಹೆಸರು ಕಲ್ಲವ್ವ. "ತಮ್ಮಾ, ಕೂಸಿನ್ನ ಕರ್ಕೊಂಡು ನನ್ನ ಗುಡಿಸಲಕ ಬರ್ರಿ. ಉರಿ ಹಾಕೀನಿ" ಎಂದಳು.

"ಬ್ಯಾಡ ಆಯಿ, ನಮ್ಮ ಗಾಡ್ಯಾಗ ಎಲ್ಲಾ ಅನುಕೂಲ ಅದ" ಎಂದೆ.

ಶಾಂತಾ ನನ್ನ ಮಾತು ಪೂರ್ತಿ ಕೇಳಲೂ ಇಲ್ಲ, ಮುದುಕಿಯ ಹಿಂದೆ ಹೊರಟಳು. "ಸುಧಾ, ಬಾ" ಎಂದು ಕರೆದಳು. ನಾನು ಮಗಳ ಕೈ ಹಿಡಿದು, "ಇಲ್ಲೇ ಇರ್ಲಿ. ಹತ್ತು ಮಿನಿಟನ್ಯಾಗ ಬೆಚ್ಚಗ ಮಾಡ್ತೀನಿ" ಎಂದೆ.

ಒಳಗೆ ಹೋಗಿ ಅಗಳಿ ಹಾಕಿದೆ. ಸುಧಾಳಿಗೆ ಒಣಬಟ್ಟೆ ಉಡಿಸಿ, ಚಾದರದಲ್ಲಿ ಸುತ್ತಿ, ಶೆಗಡಿಯಲ್ಲಿ ಇದ್ದಲಿ ಹೊತ್ತಿಸಿದೆ. ಕೆಂಡ ನಿಗಿನಿಗಿ ಆಯಿತು. ಹೊಗೆಯೇ ಇಲ್ಲ! ತೊಯ್ದ ಬಟ್ಟೆಗಳಿಂದ ಆವಿ ಏಳತೊಡಗಿತು. ಸುಧಾ, "ಅಪ್ಪಾ, ಭಾಳ ಚಲೋ ಅನಿಸ್ತದ" ಎಂದು ನಕ್ಕಳು. ನನಗಂತೂ ರಾಜ್ಯ ಗೆದ್ದಷ್ಟು ಸಂತೋಷ. ಸ್ವಲ್ಪ ಹೊತ್ತಿಗೆ ಅವಳು, "ತಲಿ ನೋಯಾಕತ್ತದ" ಎಂದಳು. "ಮಳ್ಯಾಗ ತೊಯ್ದೀ ಅಲಾ, ಅದಕ್ಕ. ಮಲ್ಕೋ" ಎಂದೆ. ನನ್ನ ತಲೆಯೂ ಭಾರವಾಗಿತ್ತು. ಗೆದ್ದ ಸಮಾಧಾನಕ್ಕೆ ನಿದ್ದೆ ಬರುತ್ತಿದೆ ಎಂದುಕೊಂಡೆ.

ಆಮೇಲಿನದು ನನಗೆ ತುಣುಕು ತುಣುಕಾಗಿ ಮಾತ್ರ ನೆನಪಿದೆ. ಯಾರೋ ಬಾಗಿಲು ಬಡಿಯುತ್ತಿದ್ದರು. ಶಾಂತಾಳ ದನಿ ಬಾವಿಯ ಆಳದಿಂದ ಬಂದ ಹಾಗೆ ಕೇಳುತ್ತಿತ್ತು. "ಬಂದೆ" ಎನ್ನಬೇಕೆಂದರೆ ನಾಲಿಗೆ ಹೊರಳಲಿಲ್ಲ. ಅಗಳಿ ಒಂದು ಮಾರು ದೂರದಲ್ಲಿತ್ತು, ಏಳಬೇಕೆಂದರೆ ಕಾಲುಗಳು ನನ್ನವೇ ಅಲ್ಲ. ಪಕ್ಕದಲ್ಲಿ ಸುಧಾ ಅಲುಗಾಡದೆ ಬಿದ್ದಿದ್ದಳು.

ಶಾಂತಾ ನಮಗೆಂದು ಹುರಿದ ಸೀತನಿ, ಅದೇ ಎಳೆ ಜೋಳ, ಉಡಿಯಲ್ಲಿ ಕಟ್ಟಿಕೊಂಡು ಕಲ್ಲವ್ವನ ಜೊತೆ ಬಂದಿದ್ದಳಂತೆ. ಕರೆದರೆ ಉತ್ತರವಿಲ್ಲ. "ಒಳಗ ಏನರೆ ಹೊತ್ತಿಸ್ಯಾನೇನು?" ಎಂದು ಕಲ್ಲವ್ವ ಕೇಳಿದಳಂತೆ. ಶೆಗಡಿ ಎಂದು ಶಾಂತಾ ಹೇಳುವುದೇ ತಡ, ಮುದುಕಿ ಬದುವಿನ ಕಲ್ಲೊಂದನ್ನು ಎತ್ತಿಕೊಂಡಳು.

"ಖಿಡಕಿ ಒಡೀಲೇನು?"

"ಒಡೀರಿ ಆಯಿ, ಲಗೂನ ಒಡೀರಿ!"

ಗಾಜು ಚೂರಾಯಿತು. ಶಾಂತಾ ಒಳಗೆ ಕೈ ಹಾಕಿ ಅಗಳಿ ಎಳೆದಳು. ಮೊಣಕೈಯಿಂದ ರಕ್ತ ಸುರಿಯುತ್ತಿದ್ದುದು ಅವಳಿಗೆ ತಿಳಿಯಲೇ ಇಲ್ಲ. ಸುಧಾಳನ್ನು ಎಳೆದು ಹೊರಗೆ ಕೆಸರಿನಲ್ಲೇ ಮಲಗಿಸಿದರು. ಕಲ್ಲವ್ವ ಅವಳ ಕೆನ್ನೆಗೆ ತಟ್ಟುತ್ತಾ, "ಉಸಿರು ತಗೋ ನನ ಮಗಳೇ, ಹವಾ ತಗೋ" ಎನ್ನುತ್ತಿದ್ದಳು. ನಾನು ಅಂಬೆಗಾಲಿಟ್ಟುಕೊಂಡು ಹೊರಗೆ ಉರುಳಿದೆ. ಮುಖದ ಮೇಲೆ ಜಿಟಿಜಿಟಿ ಮಳೆ ಬೀಳುತ್ತಿತ್ತು. ಎಷ್ಟು ಹೊತ್ತೋ ಕಾಣೆ, ಸುಧಾ ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಆಮೇಲೆ ಜೋರಾಗಿ ಅತ್ತಳು. ಅಂಥ ಸವಿಯಾದ ಅಳುವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಕಲ್ಲವ್ವ ನನ್ನ ಕಡೆ ತಿರುಗಿದಳು. "ಏ ತಮ್ಮಾ, ಬಾಗಲಾ ಮುಚ್ಚಿ ಕೆಂಡ ಇಡ್ತಾರೇನು? ಬಾಣಂತಿ ಕೋಣ್ಯಾಗೂ ನಾವು ಒಂದು ಸಂದು ಬಿಟ್ಟಿರ್ತೀವಿ. ಇಷ್ಟು ದೊಡ್ಡಾಂವ ಆಗಿ ತಿಳಿಯೂದಿಲ್ಲಾ?"

ನನಗೆ ತಿಳಿದಿರಲಿಲ್ಲ. ಆ ರಾತ್ರಿ ನಾಗಣಸೂರಿನ ಅವಳ ಮನೆಯ ಪಡಸಾಲೆಯಲ್ಲಿ, ಅವಳ ಕೌದಿ ಹೊದ್ದು, ಬಾಗಿಲು ಅರ್ಧ ತೆರೆದಿಟ್ಟು ಬೆಚ್ಚಗೆ ಮಲಗಿದೆವು. ಮರುದಿನ ಎತ್ತು ಕಟ್ಟಿ ಗಾಡಿಯನ್ನು ಎಳೆಸಿಕೊಟ್ಟಳು. ದುಧನಿಯ ಡಾಕ್ಟರು ಶಾಂತಾಳ ಕೈಗೆ ಪಟ್ಟಿ ಕಟ್ಟಿ, ಸುಧಾಳ ಎದೆ ನೋಡಿ, ಕೆಂಡದ ವಿಷಗಾಳಿಯಲ್ಲಿ ಇನ್ನೂ ಕಾಲು ತಾಸು ಇದ್ದಿದ್ದರೆ ಅಪ್ಪ ಮಗಳು ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು.

ಊರಿಗೆ ಬಂದ ಮೇಲೆ ಅಂಗಡಿಗೆ ಬಂದವರೆಲ್ಲ ಈ ಸುದ್ದಿಯನ್ನೇ ಕೇಳುವವರು. ಹೇಳಿ ಹೇಳಿ ಕಥೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಬಂತು. ಮೊದಲ ವಾರ ಗಾಜು ಒಡೆದವಳು ಕಲ್ಲವ್ವ. ಎರಡನೆಯ ವಾರ ಇಬ್ಬರೂ ಸೇರಿ ಒಡೆದೆವು. ಮೂರನೆಯ ವಾರದ ಹೊತ್ತಿಗೆ ನಾನೊಬ್ಬನೇ, ಮಗಳನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯ ಮುಷ್ಟಿಯಿಂದ. ಹಾಗೆ ಮುಷ್ಟಿ ಎತ್ತಿ ತೋರಿಸುತ್ತಿರುವಾಗಲೇ ಒಂದು ದಿನ ಸುಧಾ ಊಟದ ಡಬ್ಬಿ ಹಿಡಿದುಕೊಂಡು ಬಂದು ಗಿರಾಕಿಗಳ ನಡುವೆ ನಿಂತಳು. ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, "ಅಪ್ಪಾ, ಅವ್ವ ಹೇಳಿದ್ಲು, ನೀ ಆವಾಗ ಗೊರಕಿ ಹೊಡೀಲಿಕ್ಕತ್ತಿದ್ದಿ ಅಂತ" ಎಂದಳು.

ಅಂದಿನಿಂದ ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತ ಬಂದಿದ್ದೇನೆ, ಈಗ ನಿಮ್ಮ ಮುಂದೆ ಹೇಳಿದ ಹಾಗೆ. ಗೊರಕೆಯೊಂದನ್ನು ಮಾತ್ರ ಇನ್ನೂ ಒಪ್ಪಿಲ್ಲ.