ಒಂದು ಬೆರಳು ಆಚೆ

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಕೊಟ್ಟೂರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳುವುದೇನು ಬಂತು! ತೊಂಬತ್ತರ ದಶಕದಲ್ಲಿ ಕಾಲೇಜು ಓದಲು ನಾನು ಅವರ ಮನೆಯಲ್ಲೇ ಇದ್ದೆ. ಮಾವ ಗಣಿತದ ಮೇಷ್ಟ್ರು. ಒಂಬತ್ತು ವರ್ಷದಿಂದ ಒಂದೇ ಥೀಸಿಸ್ ಬರೆಯುತ್ತಿದ್ದರು. ವಿಷಯ, ಬನಾಕ್ ಸ್ಪೇಸಿನ ಆಪರೇಟರುಗಳು. ಹಾಗೆಂದರೇನು ಎಂದು ನಾನು ಕೇಳಿದ್ದೇ ತಪ್ಪಾಯಿತು.

"ಆಪರೇಟರ್ ಅಂದ್ರ ಹಿಟ್ಟಿನ ಗಿರಣಿ ಇದ್ಹಂಗ. ಒಂದು ಹಾಕಿದ್ರ ಇನ್ನೊಂದು ಬರತೈತಿ. ಆ ಗಿರಣೀನ ಒಂಚೂರು ಅಲುಗಿಸಿದ್ರ ಹಿಟ್ಟು ಎಷ್ಟು ಕೆಡತೈತಿ? ಅದ ನನ್ನ ಥೀಸಿಸ್."

ಅಷ್ಟಕ್ಕೇ ಬಿಟ್ಟರೆ ಅವರು ನನ್ನ ಮಾವ ಹೇಗಾದಾರು? ನನ್ನ ತಲೆ ಮೇಲೆ ಜೋಳದ ಡಬ್ಬಿ ಹೊರಿಸಿ ಗಿರಣಿಗೇ ಕರೆದೊಯ್ದರು. ಸಂಖ್ಯೆಗೆ ವರ್ಗಮೂಲ ಇರುವಂತೆ ಆಪರೇಟರಿಗೂ ಇರುತ್ತದಂತೆ. ಅದನ್ನು ಎರಡು ಸಲ ಮಾಡಿದರೆ ಪೂರ್ತಿ ಕೆಲಸ ಒಂದು ಸಲ ಆದಂತೆ! ಮಾವ ಗಿರಣಿಯವನಿಗೆ ಗಂಭೀರವಾಗಿ ಹೇಳಿದರು, "ನೋಡಪಾ, ಎರಡು ಸಲ ಹಾಕಿದ್ರ ಹಿಟ್ಟಾಗಬೇಕು. ಹಂಗ ಇಟ್ಟು ಒಂದ ಸಲ ಹಾಕಿಕೊಡು."

ಅವನು ಯೋಚಿಸಲೂ ಇಲ್ಲ. "ನುಚ್ಚು ಬೇಕು ಅನ್ರಿ ಸರ!"

ಆ ವಾರವೆಲ್ಲ ನಮಗೆ ನುಚ್ಚೇ ಗತಿ. ಮಾವನಿಗೆ ಮಾತ್ರ ಗಿರಣಿಯವನಂಥ ಒಳ್ಳೆಯ ಶಿಷ್ಯ ಸಿಕ್ಕ ಸಂತೋಷ.

ಮುಂದಿನ ಬಲಿ ಅತ್ತೆಯ ಅಡುಗೆಮನೆ. ಸಣ್ಣ ಬದಲಾವಣೆ ಯಾರಿಗೂ ತಿಳಿಯದೆಂದು ತೋರಿಸಲು ಮಾವ ಉಪ್ಪಿನ ಭರಣಿಯನ್ನು ದಿನಕ್ಕೊಂದು ಬೆರಳು ಆಚೆ ಸರಿಸತೊಡಗಿದರು. ಎರಡನೇ ದಿನವೇ ಅತ್ತೆ ಸೌಟು ಹಿಡಿದು ಹೊರಬಂದರು.

"ಯಾರ್ರಿ ನನ್ನ ಭರಣಿ ಮುಟ್ಟಿದ್ದು?"

"ಬರೀ ಎರಡು ಬೆರಳು ಸರಿಸೀನಿ, ಅಷ್ಟ."

"ನಿಮ್ಮ ಕಾಗದಾನೂ ಅಷ್ಟ ಸರಿಸ್ಲೇನು, ಒಲಿ ಕಡಿ?"

ಮಾವ ನನ್ನ ಕಿವಿಯಲ್ಲಿ ಉಸುರಿದರು, "ಅಲುಗಿಸಿದ್ದು ಒಂಚೂರು, ಕೆಟ್ಟಿದ್ದು ಭಾಳ. ನಿಮ್ಮತ್ತಿ ಲೆಕ್ಕಕ್ಕ ಸಿಗಂಗಿಲ್ಲ."

ಕೊನೆಗೂ ಥೀಸಿಸ್ ಟೈಪಾಯಿತು. ಟೈಪ್‌ರೈಟರಿನಲ್ಲಿ ಗಣಿತದ ಚಿಹ್ನೆಗಳೆಲ್ಲಿ ಬರಬೇಕು? ಟೈಪಿಸ್ಟ್ ಅಲ್ಲಲ್ಲಿ ಜಾಗ ಬಿಟ್ಟಿದ್ದ. ಅವನ್ನು ಕರಿ ಇಂಕಿನಿಂದ ಕೈಯಲ್ಲೇ ತುಂಬಬೇಕು. ಅಷ್ಟರಲ್ಲಿ ಮಾವನ ಬಲಗೈ ನಡುಗತೊಡಗಿತ್ತು. ವಾಸಿಯಾಗುವುದಲ್ಲ ಎಂದಿದ್ದರು ಡಾಕ್ಟರು. ಮೊದಲ ಪುಟದಲ್ಲಿ ಅವರು ಬರೆದ ಚಿಹ್ನೆ ಎರೆಹುಳದಂತೆ ಒದ್ದಾಡಿತು. ಮಾವ ಕೈಯನ್ನು ಅಂಗಿಯ ಜೇಬಿಗಿಟ್ಟು, "ಇದು ಇಲ್ಲಿಗೆ ಮುಗೀತು" ಎಂದರು. ಒಂಬತ್ತು ವರ್ಷದ ಕೆಲಸ! ನನಗೆ ಅಳು ಬಂತು.

ಏಳನೇ ಕ್ಲಾಸು ಓದಿದ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತಗೊಂಡರು. "ದಿನಾ ರಂಗೋಲಿ ಹಾಕಾಕಿಗೆ ಇದೇನು ದೊಡ್ಡದ್ರಿ? ನೀವು ತೋರಿಸ್ರಿ, ನಾ ತಿದ್ದತೀನಿ." ತಿಂಗಳಿಡೀ ಕೂತು ಎಲ್ಲ ಪುಟ ತುಂಬಿದರು. ಮಾವ ಡಾಕ್ಟರಾದರು.

ಕೈ ನಡುಗುವುದು ಮಾತ್ರ ನಿಲ್ಲಲಿಲ್ಲ. ಚಹಾ ಕುಡಿದರೆ ಅರ್ಧ ಅಂಗಿಯ ಮೇಲೆ. ಎಡಗೈಯಲ್ಲಿ ಕುಡಿಯಿರಿ ಎಂದರೆ ಕೇಳುವ ಪೈಕಿಯೂ ಅಲ್ಲ. ಆದರೆ ಒಂದು ದಿನ ನೋಡುತ್ತೇನೆ, ಎಡಗೈಯಲ್ಲೇ ಕುಡಿಯುತ್ತಿದ್ದಾರೆ! ಅಡುಗೆಮನೆಯಲ್ಲಿ ಅತ್ತೆ ಗುಟ್ಟು ಹೇಳಿದರು, "ದಿನಾ ಒಂದೊಂದ ಬೆರಳು ಲೋಟ ಎಡಕ್ಕ ಸರಿಸೀನಿ. ನಿಮ್ಮ ಮಾವಗ ಗೊತ್ತ ಆಗಿಲ್ಲ." ಅವರಿಗೇ ಡಾಕ್ಟರೇಟ್ ಬಂದಷ್ಟು ಖುಷಿ.

ನಾನು ನಗುತ್ತ ಹೊರಗೆ ಬಂದೆ. ಮಾವ ಲೋಟದಿಂದ ಕಣ್ಣೆತ್ತದೆ ಮೆಲ್ಲಗೆ ಅಂದರು:

"ಎರಡನೇ ದಿನಾನ ಗೊತ್ತಾಗೇತಿ ಅಳಿಯಾ. ನಿಮ್ಮತ್ತಿ ಮುಂದ ಹೇಳಬ್ಯಾಡ."