ವೇಗದ ಚಿಪ್ ಬಂತಂತೆ!

ನಮ್ಮ ಸೋದರಮಾವನಷ್ಟು ಅವಸರದ ಮನುಷ್ಯ ಪೆರ್ಲದ ಪೇಟೆಯಿಡೀ ಹುಡುಕಿದರೂ ಸಿಗಲಾರ. ಎಷ್ಟು ಅವಸರವೆಂದರೆ, ಒಂದೇ ಕಂಪ್ಯೂಟರನ್ನು ಬೇಗ ಓಡಿಸಲು ಮೂವತ್ತು ವರ್ಷಗಳಿಂದ ಕಾಯುತ್ತಿದ್ದಾರೆ!

ದುಬೈಯಿಂದ ಬರುವಾಗ ಉಳಿದವರು ಚಿನ್ನವನ್ನೋ ಟೇಪ್ ರೆಕಾರ್ಡರನ್ನೋ ತಂದರೆ ಇವರು ತಂದದ್ದು ಟಿವಿಗೆ ಜೋಡಿಸುವ ಮನೆಬಳಕೆಯ ಕಂಪ್ಯೂಟರ್. ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ. ಆದರೆ ಅದರ ಭಕ್ತರು ಲೋಕದ ತುಂಬ ಇದ್ದಾರೆ. ಹಳೆಯ ಯಂತ್ರದೊಳಗೆ ಅವರು, ನಮ್ಮ ಮಾವನೂ ಸೇರಿ, ವೇಗ ಹೆಚ್ಚಿಸುವ ಕಾರ್ಡೊಂದನ್ನು ಕೂರಿಸುತ್ತಾರೆ. ಮುದುಕನ ತಲೆಗೆ ನಡುವಯಸ್ಸಿನವನ ಮಿದುಳು ಇಟ್ಟಂತೆ! ಆ ಕಾರ್ಡಿನ ಚಿಪ್ ಕೂಡ ಈಗ ತಯಾರಾಗುವುದಿಲ್ಲ. ಹಾಗಾಗಿ ಇನ್ನೂ ವೇಗದ್ದು ಅಲ್ಲೆಲ್ಲೋ ಉಂಟಂತೆ ಎಂಬ ಸುದ್ದಿಯೇ ಅವರ ಆನ್‌ಲೈನ್ ಗುಂಪಿನ ಆಹಾರ. ವಿಷು ಹಬ್ಬದಿಂದೀಚೆಗೆ ನನ್ನ ದಿನಚರಿಯಲ್ಲಿ ದಾಖಲಾದ ವದಂತಿಗಳು ಹನ್ನೊಂದು. ಬಂದ ಚಿಪ್‌ಗಳು ಸೊನ್ನೆ.

ಏಳನೆಯ ವದಂತಿ ಬಂದಾಗ ನಾನು ಪುತ್ತೂರಿನ ಬಸ್ಸಿನಲ್ಲಿದ್ದೆ. ಮಾವನ ಫೋನು.

“ಕೂತಿದ್ದೀಯಾ?”

“ಇಲ್ಲ, ನಿಂತಿದ್ದೇನೆ. ಎಂತ ಮಾವ?”

“ಹಾಗಾದ್ರೆ ಎಂತಾದ್ರೂ ಹಿಡ್ಕೊ. ಈಗಿನದ್ದರ ಎರಡರಷ್ಟು ಓಡುವ ಚಿಪ್ ಉಂಟಂತೆ! ಯಾರದ್ದೋ ಗೋದಾಮಿನಲ್ಲಿ!”

“ಕಂಡವರು ಯಾರು?”

“ಕಂಡವರನ್ನು ಕಂಡವರು ಬರೆದಿದ್ದಾರೆ ಮಾರಾಯ್ತಿ!”

ನನ್ನ ಮುಖ ಹೇಗಾಗಿತ್ತೋ! ಪಕ್ಕದ ಅಜ್ಜಿ, “ಮನೆಯಲ್ಲಿ ಎಂತಾದ್ರೂ ಆಯ್ತಾ ಮಗಾ?” ಎಂದು ಎದ್ದು ಸೀಟು ಬಿಟ್ಟುಕೊಟ್ಟರು. ಈ ವದಂತಿಗಳಿಂದ ನನಗಾದ ಏಕೈಕ ಲಾಭ ಆ ಸೀಟು.

ಹನ್ನೆರಡನೆಯದು ಮಾತ್ರ ಮಾತಿನಲ್ಲಿ ಮುಗಿಯಲಿಲ್ಲ. ಗುಂಪಿನವನೊಬ್ಬ ವೇಗದ ಚಿಪ್ ಕಳಿಸುತ್ತೇನೆಂದ. ಒಂದೇ ಷರತ್ತು: ಅದು ಕೈಸೇರಿದ ದಿನವೇ ಮಾವ ತಮ್ಮ ಹಳೆಯ ಚಿಪ್ ಅವನಿಗೆ ಕಳಿಸಬೇಕು. ಅತ್ತೆಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಸಂಜೆ ಅವರಿಬ್ಬರೂ ಆ ಯಂತ್ರದಲ್ಲಿ ಚೆಂಡಾಟ ಆಡುವವರು. ಹೋದ ವರ್ಷ ಬಲಗೈ ಸೋತ ಮೇಲೆ ಅತ್ತೆ ಮನಸ್ಸಿಟ್ಟು ಮಾಡುವ ಕೈವ್ಯಾಯಾಮವೆಂದರೆ ಅದೊಂದೇ.

“ಓಡುವುದನ್ನು ಬಿಚ್ಚಬೇಡಿ. ನನ್ನ ಆಟ ಹೋದ್ರೆ ನಿಮ್ಮನ್ನು ಸುಮ್ಮನೆ ಬಿಡ್ಲಿಕ್ಕಿಲ್ಲ!”

ಮಾವ ಕೇಳಬೇಕಲ್ಲ! ಪಾರ್ಸೆಲ್ ಬಂದದ್ದೇ ತಡ, ಹಳೆಯ ಚಿಪ್ ಕಿತ್ತು ಡಬ್ಬಿಯಲ್ಲಿಟ್ಟು ಟೇಪ್ ಸುತ್ತಿ, ನನ್ನನ್ನು ಕೊರಿಯರಿಗೆ ಹೊರಡಿಸಿದರು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅಷ್ಟರಲ್ಲಿ ಅತ್ತೆ ದೇವರ ಕೋಣೆಯಿಂದ ಗಂಧದ ಬಟ್ಟಲು ಹಿಡಿದು ಬಂದರು. ಮಿಕ್ಸಿ, ಸ್ಕೂಟರ್, ನೀರಿನ ಪಂಪು, ಆ ಮನೆಗೆ ಬಂದ ಯಾವ ಯಂತ್ರ ಗಂಧ ಹಚ್ಚಿಸಿಕೊಳ್ಳದೆ ಓಡಿದೆ?

“ಏ, ಅದಕ್ಕೆ ನೀರು ತಾಗಬಾರದು!”

“ಒಂದು ಬೊಟ್ಟು ಗಂಧ ತಡೆಯದ ಚಿಪ್ ನಿಮಗೆ ಎಂತಕ್ಕೆ?”

ಹೊಸ ಚಿಪ್‌ಗೆ ಹಚ್ಚಿಯೇ ಬಿಟ್ಟರು. ಮಾವ ಗಾಬರಿಯಿಂದ ಪಂಚೆಯ ತುದಿಯಲ್ಲಿ ಒರೆಸಿದರು. ಗಂಧ ಹೋಯಿತು. ಜತೆಗೆ ಚಿಪ್‌ನ ಮೇಲಿದ್ದ ಬಿಳಿಯ ಅಕ್ಷರಗಳೂ ಹೋದವು! ಕೆಳಗೆ ಇನ್ನೊಂದು ಸಂಖ್ಯೆ ಮಸುಕಾಗಿ ಕಂಡಿತು. ಮಾವ ಭೂತಗನ್ನಡಿ ಹಿಡಿದು ಓದಿದರು.

“ಇದು ನಮ್ಮದಕ್ಕಿಂತಲೂ ನಿಧಾನದ್ದು. ಮೇಲಿನಿಂದ ಬಣ್ಣ ಬಳಿದು ಹೊಸ ಹೆಸರು ಬರೆದಿದ್ದಾನೆ ಕಳ್ಳ!” ಆಮೇಲೆ ಬಾಗಿಲಿನತ್ತ ತಿರುಗಿ ಕೂಗಿದರು: “ಹೋದ್ಲಾ ಅವಳು?”

ಚಪ್ಪಲಿಯ ಬಾರು ಸಿಕ್ಕಿಹಾಕಿಕೊಂಡದ್ದರಿಂದ ನಾನಿನ್ನೂ ಮೆಟ್ಟಿಲ ಮೇಲೆಯೇ ಇದ್ದೆ. ಸದ್ಯ!

ಟೇಪ್ ಬಿಚ್ಚಿದೆವು. ಮಾವ ಉಸಿರು ಬಿಗಿಹಿಡಿದು ಹಳೆಯ ಚಿಪ್ಪನ್ನು ಮತ್ತೆ ಕೂರಿಸಿದರು. ಅದರ ಸೂಜಿಯಂಥ ಕಾಲುಗಳಲ್ಲಿ ಒಂದು ಬಗ್ಗಿದ್ದರೂ ಕಥೆ ಮುಗಿಯುತ್ತಿತ್ತು. ಸ್ವಿಚ್ ಒತ್ತಿದಾಗ ಟಿವಿ ಒಂದು ಕ್ಷಣ ಕಪ್ಪಾಗಿಯೇ ಇತ್ತು. ಆಮೇಲೆ ನೀಲಿ ಬೆಳಕು ಮೂಡಿತು. ಮೂವರೂ ಒಟ್ಟಿಗೆ ಉಸಿರುಬಿಟ್ಟೆವು.

ಅತ್ತೆ ಕುರ್ಚಿ ಎಳೆದುಕೊಂಡು ಆಟದ ಹಿಡಿಕೆಯನ್ನು ಬಲಗೈಗೆ ಕೊಟ್ಟರು. ಬೆರಳುಗಳು ಒಂದೊಂದಾಗಿ ಅದನ್ನು ಸುತ್ತಿಕೊಂಡವು. ಅಷ್ಟರಲ್ಲಿ ಮಾವ ಯಂತ್ರದ ಹಿಂಬದಿಗೆ ಕೈಹಾಕಿ ಪುಟ್ಟ ಗುಂಡಿಯೊಂದನ್ನು ಮೆಲ್ಲನೆ ಕೆಳಗೆ ಮಾಡಿದ್ದು ನನಗೆ ಕಂಡಿತು. ಇಷ್ಟೆಲ್ಲ ರಂಪ ಮಾಡಿ ಉಳಿಸಿಕೊಂಡ ವೇಗದ ಕಾರ್ಡನ್ನೇ ಆಫ್ ಮಾಡಿದ್ದರು!

“ಎಂತ ಮಾವ ಇದು?” ಎಂದೆ.

“ಶ್! ದಿನಾ ಹೀಗೇ,” ಮಾವ ನನ್ನ ಕಿವಿಯಲ್ಲಿ ಹೇಳಿದರು. “ಚೆಂಡು ಅವಳ ಕೈಗೆ ಸಿಗ್ಬೇಕಲ್ಲ.”