ಬಾಡಿಗೆ ಸಿಲಿಂಡರಿನ ಬಹುಮಹಡಿಪುರ

ಬಹಳ ಹಿಂದೆ, ಲಿಫ್ಟು ಬಂದು ಕರೆಂಟು ಇನ್ನೂ ಬರದಿದ್ದ ಕಾಲದಲ್ಲಿ, ಬಹುಮಹಡಿಪುರವೆಂಬ ರಾಜ್ಯವಿತ್ತು. ಅಲ್ಲಿನ ಊರ್ಧ್ವಸೇನ ಮಹಾರಾಜರಿಗೆ ಪ್ರಜೆಗಳ ಸುರಕ್ಷತೆಯೆಂದರೆ ಪ್ರಾಣ. ಆದ್ದರಿಂದ ಬೆಂಕಿ ನಂದಿಸುವ ಕೆಂಪು ಸಿಲಿಂಡರುಗಳಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಯಾರೂ ವಾಸಿಸಕೂಡದೆಂದು ಆಜ್ಞಾಪಿಸಿದ್ದರು. ಅನುಮತಿ ಮಂತ್ರಿ ಮುದ್ರಾಧರರು ಇಡೀ ರಾಜ್ಯಕ್ಕೆ ಒಂದೇ ಸೆಟ್ಟು ಕೊಂಡು, ತಪಾಸಣೆಯ ದಿನ ಬಾಡಿಗೆಗೆ ಕಳಿಸುತ್ತಿದ್ದರು. ತಪಾಸಣಾಧಿಕಾರಿಯೂ ಅದೇ ಗೂಡ್ಸ್ ಆಟೋದಲ್ಲಿ ಬರುತ್ತಿದ್ದುದರಿಂದ ಬೊಕ್ಕಸಕ್ಕೆ ಉಳಿತಾಯ.

'ಗಗನಶ್ರೀ' ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಕಾತ್ಯಾಯಿನಿಗೆ ಮಾತ್ರ ಈ ಮಿತವ್ಯಯ ರುಚಿಸಲಿಲ್ಲ. ಮೊನ್ನೆ ನಾಲ್ಕನೇ ಮಹಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ಕೆಂಡ ಬಿದ್ದು ಹಾಸಿಗೆ ಹೊತ್ತಿಕೊಂಡಾಗ ಎಲ್ಲರ ಜೀವ ಬಾಯಿಗೆ ಬಂದಿತ್ತು. ಅವಳು ಪ್ರತಿ ಮಹಡಿಗೂ ಹೊಸ ಸಿಲಿಂಡರ್ ಕೊಂಡು ತೂಗುಹಾಕಿಸಿದಳು. ಎಡವಟ್ಟಾದದ್ದು ಅಲ್ಲೇ.

"ಏನ್ರಮ್ಮ ಇದು? ನಮ್ಮ ಸಿಲಿಂಡರ್ ಅಲ್ವಲ್ಲ!" ಎಂದರು ತಪಾಸಣೆಗೆ ಬಂದ ಅಧಿಕಾರಿ.

"ನಮ್ಮವೇ ಸಾರ್. ಬೆಂಕಿ ಬಿದ್ರೆ ಕೆಲಸಕ್ಕೆ ಬರ್ತವೆ."

"ಓಹೋ, ಬೆಂಕಿ ಬೀಳುತ್ತೆ ಅಂತ ನಿಮಗೇ ಅನುಮಾನ! ಅಂಥ ಕಟ್ಟಡ ಸುರಕ್ಷಿತ ಅಂತ ನಾನ್ಹೇಗಮ್ಮ ಬರ್ಕೊಡ್ಲಿ?"

ಸಂಜೆಯೊಳಗೆ ಎಲ್ಲರೂ ಗಂಟುಮೂಟೆ ಕಟ್ಟಬೇಕೆಂದು ಗೇಟಿಗೆ ನೋಟಿಸು ಅಂಟಿತು. ಕಾತ್ಯಾಯಿನಿ ಸಾಕ್ಷಿಗಿರಲೆಂದು ಒಂದು ಸಿಲಿಂಡರನ್ನು ಕಂಕುಳಲ್ಲಿ ಅವುಚಿಕೊಂಡು ಅರಮನೆಗೆ ಓಡಿದಳು.

ಅಲ್ಲಿ ಮುದ್ರಾಧರರು, ರಾಜ್ಯದಲ್ಲಿ ಬೆಂಕಿಯೇ ಇಲ್ಲದಂತಾದ ಸಾಧನೆಗಾಗಿ ಮಹಾರಾಜರಿಗೆ ಆರತಿ ಎತ್ತುತ್ತಿದ್ದರು. ಭಕ್ತಿಯ ಭರದಲ್ಲಿ ತಟ್ಟೆ ವಾಲಿ, ಸಿಂಹಾಸನದ ರೇಷ್ಮೆ ಪರದೆ ಧಗ್ಗೆಂದಿತು.

"ಸಿಲಿಂಡರ್ ತನ್ರೋ!" ಎಂದು ರಾಜರು ಚೀರಿದರು.

"ತಪಾಸಣೆಗೆ ಹೋಗಿವೆ ಪ್ರಭು, ಸೋಮವಾರ ಬರ್ತವೆ!" ಎಂದರು ಮುದ್ರಾಧರರು.

ಕಾತ್ಯಾಯಿನಿ ಪಿನ್ನು ಕಿತ್ತು ಸಿಲಿಂಡರಿನ ಬಿಳಿ ಪುಡಿಯನ್ನು ಬುಸ್ಸೆಂದು ಬಿಟ್ಟಳು. ಬೆಂಕಿ ಆರಿತು. ಮಹಾರಾಜರು ನೆತ್ತಿಯಿಂದ ಅಂಗಾಲಿನವರೆಗೆ ಬೆಳ್ಳಗಾದರು.

"ಆಹಾ, ಪ್ರಭುಗಳಿಗೆ ವಿಭೂತಿಯ ಅಭಿಷೇಕ!" ಎಂದರು ಮುದ್ರಾಧರರು, ಸುಟ್ಟ ಮೀಸೆ ಸವರಿಕೊಳ್ಳುತ್ತ.

ಸಭೆ ಚಪ್ಪಾಳೆ ತಟ್ಟಿತು. ತಮ್ಮ ಅಧಿಕಾರಾವಧಿಯಲ್ಲೇ ಬೆಂಕಿ ಆರಿದ್ದರಿಂದ ಮುದ್ರಾಧರರಿಗೆ 'ಅಗ್ನಿವಿಜಯಿ' ಬಿರುದು ದೊರೆಯಿತು. ಕಾತ್ಯಾಯಿನಿ ಕೈಮುಗಿದು, "ನಂಗೇನೂ ಬೇಡ ಸ್ವಾಮಿ, ನಮ್ಮ ಮನೆಗಳು ನಮಗೆ ಉಳಿದ್ರೆ ಸಾಕು" ಎಂದಳು. ಕರುಣಾಳು ರಾಜರು ಕೂಡಲೇ ಅನುಮತಿ ಪತ್ರಕ್ಕೆ ಮುದ್ರೆ ಒತ್ತಿಸಿದರು. ಷರತ್ತು ಒಂದೇ: ನಿಜವಾಗಿ ಕೆಲಸ ಮಾಡುವ ಸಿಲಿಂಡರುಗಳು ಅಪರೂಪವಾದ್ದರಿಂದ, ಗಗನಶ್ರೀಯಲ್ಲಿರುವವೆಲ್ಲ ಅರಮನೆಗೆ ಸೇರತಕ್ಕದ್ದು, ಸಾಗಣೆಯ ಖರ್ಚು ನಿವಾಸಿಗಳದು.

ಗಗನಶ್ರೀಯವರು ಕಟ್ಟಿದ ಗಂಟು ಬಿಚ್ಚಿ ಪಾಯಸ ಮಾಡಿ ಉಂಡರು. ಕಾತ್ಯಾಯಿನಿ ಮಾತ್ರ ಮಹಡಿ ಮಹಡಿ ಹತ್ತಿ, ಮನೆಗೊಂದು ಬಕೆಟ್ ನೀರು ತುಂಬಿಡಿ ಎಂದು ಗೋಗರೆದಳು. ಮರುದಿನ ಬೆಳಿಗ್ಗೆ ಡಂಗುರ ಕೇಳಿಸಿತು: ಇನ್ನು ಮುಂದೆ ಬಕೆಟ್ ಇಟ್ಟುಕೊಳ್ಳಲೂ ಅನುಮತಿ ಕಡ್ಡಾಯ, ತಪಾಸಣೆಗೆ ಬೇಕಾದ ಬಕೆಟ್ಟು ಅಗ್ನಿವಿಜಯಿಗಳ ಬಳಿ ಬಾಡಿಗೆಗೆ ಸಿಗುತ್ತದೆ, ನೀರು ಅವರವರದು.